ಸೀನುತ್ತಿದ್ದ ಕಾರು

ಈ ಬೆಳಿಗ್ಗೆ ಕಿಟಕಿ ತೆಗೆದವಳೇ ಸೀನಿದೆ. ಒಂದಲ್ಲ, ಸಾಲಾಗಿ. ಬ್ಯಾಡಗಿಯವರು ಇದಕ್ಕೆ ಪಂಚಾಂಗ ನೋಡಬೇಕಿಲ್ಲ. ಪೇಟೆಗೆ ಹೊಸ ಮೆಣಸಿನಕಾಯಿ ಬಂತು ಎಂದು ಮೂಗೇ ಹೇಳುತ್ತದೆ. ಬಂದ ನೆಂಟರು ಕೆಮ್ಮಿ ಕೆಮ್ಮಿ ಕಣ್ಣು ಕೆಂಪಗೆ ಮಾಡಿಕೊಂಡು ಸಂಜೆಯ ಬಸ್ಸಿಗೇ ಊರು ಬಿಡುತ್ತಾರೆ. ನಾವೆಲ್ಲಿಗೆ ಹೋಗೋಣ? ಒದ್ದೆ ಬಟ್ಟೆಯೊಂದನ್ನು ಮೂಗಿಗೆ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತೇವೆ. ಯುಗಾದಿಯವರೆಗೆ ಇಲ್ಲಿ ಅರ್ಧ ಊರಿನ ಮುಖ ಅರ್ಧವೇ ಕಾಣುವುದು.

ಸೀನಿದಾಗೆಲ್ಲ ನನಗೆ ನನ್ನ ಕಾರು ನೆನಪಾಗುತ್ತದೆ. ನಗಬೇಡಿ, ಅದೂ ಒಂದು ಕಾಲದಲ್ಲಿ ಸೀನುತ್ತಿತ್ತು. ದುಂಡು ಮೂತಿಯ ಹಳೇ ಕಾರು. ಈಗಿನವುಗಳಂತೆ ಅದಕ್ಕೆ ಕಂಪ್ಯೂಟರ್ ಬುದ್ಧಿ ಇಲ್ಲ. ಪೆಟ್ರೋಲನ್ನೂ ಗಾಳಿಯನ್ನೂ ಕಲಸಿ ಎಂಜಿನ್ನಿಗೆ ಉಣಿಸಲು ಕಾರ್ಬುರೇಟರ್ ಎಂಬ ಪುಟ್ಟ ಡಬ್ಬಿ. ರೊಟ್ಟಿ ಹಿಟ್ಟಿಗೆ ನೀರು ಹೆಚ್ಚು ಬಿದ್ದ ಹಾಗೆ, ಹದ ತಪ್ಪಿತೋ ಕೆಟ್ಟಿತು.

ಕಾರು ನಮ್ಮ ಮನೆಯವರದು. ಅವರು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳ ಉಸ್ತುವಾರಿ ನೋಡುತ್ತಿದ್ದರು. ನಾನು ಹಾವೇರಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಆದ ಕಾರಣ ಅವರ ಅಕ್ಕರೆಯೆಲ್ಲ ಕಾರಿನ ಮೇಲೆ. ದಿನಾ ಸಂಜೆ ಬಾನೆಟ್ ಎತ್ತಿ ತಲೆ ಒಳಗೆ ಹಾಕಿ ನಿಲ್ಲುತ್ತಿದ್ದರು. ಸುಗ್ಗಿಯಲ್ಲಿ ಬಚ್ಚಲಿಗೆ ಹೋಗಿ ತಾವೇ ಕರವಸ್ತ್ರ ಒಗೆದುಕೊಳ್ಳುವರು. ಖಾರಕ್ಕೆ ನನ್ನ ಕೈ ಉರಿಯುತ್ತದೆಂದು ನನಗೆ ಕೊಡುತ್ತಿರಲಿಲ್ಲ. ತಂತಿಯ ಮೇಲೆ ಯಾವಾಗಲೂ ಜೋಡಿ ಕರವಸ್ತ್ರ ಒಣಗುವವು. “ನಿಮಗ ಎಷ್ಟ ಮೂಗು ಅದಾವ್ರಿ?” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು. ಮಾತಿನಲ್ಲಿ ಭಾಳ ಜಿಪುಣ ಮನುಷ್ಯ.

ಅಂಥದೇ ಒಂದು ಸುಗ್ಗಿಯ ನಡುವೆ, ಮಧ್ಯಾಹ್ನ, ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಕಾರನ್ನು ಯಾರೋ ತಂದು ಮನೆ ಮುಂದೆ ನಿಲ್ಲಿಸಿ ಕೀಲಿ ಕೊಟ್ಟು ಹೋದರು. ನಾನು ಅಳಲಿಲ್ಲ. ಯಾಕೆಂದು ನನಗೂ ತಿಳಿಯದು. ಅಳು ಬರಲೇ ಇಲ್ಲ. ಬಂದ ಹೆಂಗಸರು ನನ್ನ ಮುಖವನ್ನೇ ನೋಡಿ ನೋಡಿ, “ಕಲ್ಲಿನಂಥಾಕಿ ನೋಡವಾ” ಎಂದು ಪಡಸಾಲೆಯಲ್ಲಿ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ದಿನಕರ್ಮಗಳು ಮುಗಿದ ಮೇಲೆ ಎಲ್ಲರೂ ಹೋದರು. ಮನೆಯಲ್ಲಿ ಒಂದು ಲೋಟ ಇಟ್ಟರೂ ಸದ್ದು ದೊಡ್ಡದಾಗಿ ಕೇಳುವಂಥ ಮೌನ ಉಳಿಯಿತು.

ಮಳೆಗಾಲದ ಹೊತ್ತಿಗೆ ನಾನು ಕಾರು ಹೊರಗೆ ತೆಗೆದೆ. ಓಡಿಸುವುದನ್ನು ಅವರೇ ಕಲಿಸಿದ್ದರು. ಅವರ ಉದ್ದ ಕಾಲಿಗೆ ಹೊಂದಿಸಿದ ಸೀಟನ್ನು ಮುಂದಕ್ಕೆ ಸರಿಸಲು ಮನಸ್ಸು ಬರದೆ, ಬೆನ್ನಿಗೆ ತಲೆದಿಂಬು ಕೊಟ್ಟುಕೊಂಡು ಕೂರುತ್ತಿದ್ದೆ. ಮನೆಯಲ್ಲಿ ಬಾಯಿ ಬಿಡದವಳು ಕಾರಿನಲ್ಲಿ ಪಕ್ಕದ ಖಾಲಿ ಸೀಟಿನ ಜೊತೆ ಮಾತಾಡುತ್ತಿದ್ದೆ. ಶಾಲೆಯ ಸುದ್ದಿ, ಕಾಯಿಪಲ್ಲೆಯ ರೇಟು, ಮೋಟೆಬೆನ್ನೂರಿನಾಚೆ ಹೆದ್ದಾರಿ ಅಗಲ ಮಾಡಲು ಕಡಿದ ಮರಗಳು. ಹುಚ್ಚು ಅನ್ನಿ, ಅಡ್ಡಿಯಿಲ್ಲ. ನನಗೆ ಉಳಿದಿದ್ದ ಸಂಸಾರ ಅದೊಂದೇ.

ಆ ಸಂಸಾರಕ್ಕೆ ಕಾಯಿಲೆ ಬಂತು. ನಿಂತಲ್ಲಿ ಎಂಜಿನ್ ಚೆನ್ನಾಗಿಯೇ ಇರುತ್ತಿತ್ತು. ಏರು ಬಂದರೆ ಮಾತ್ರ ಎಷ್ಟು ತುಳಿದರೂ ಎಳೆಯುತ್ತಿರಲಿಲ್ಲ. ಹಿಂದೆ ಕಪ್ಪು ಹೊಗೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸೈಲೆನ್ಸರಿನಿಂದ ಢಂ ಎಂದು ಸೀನು! ಪೇಟೆಯ ಹಮಾಲರು ಚೀಲ ಇಳಿಸುವುದು ಬಿಟ್ಟು, “ಅಕ್ಕೋರು ಪಟಾಕಿ ಹಾರಿಸ್ಕೋತ ಬಂದ್ರು ನೋಡ್ರಲೇ” ಎಂದು ನಗುತ್ತಿದ್ದರು. ಊರಿಗೊಬ್ಬ ವೈದ್ಯ, ಬಾಯಿಗೊಂದು ಔಷಧ. ಪೆಟ್ರೋಲಿನಲ್ಲಿ ಕಲಬೆರಕೆ ಎಂದರು, ಬೇರೆ ಬಂಕಿನಲ್ಲಿ ಹಾಕಿಸಿದೆ. ಪ್ಲಗ್ ಎಂದರು, ಬದಲಿಸಿದೆ. ಕಾರ್ಬುರೇಟರಿನಲ್ಲಿ ಕಸ ಎಂದರು, ಬಿಚ್ಚಿ ತೊಳೆಸಿದೆ. ಕಾರು ಎಲ್ಲರ ಮಾತನ್ನೂ ಕೇಳಿಸಿಕೊಂಡು ಮತ್ತೆ ಢಂ ಎನ್ನುತ್ತಿತ್ತು.

ರಾಣೆಬೆನ್ನೂರಿನಲ್ಲಿದ್ದ ಮೈದುನನಿಗೆ ನನ್ನದೇ ಚಿಂತೆ. “ವೈನಿ, ನಡು ದಾರ್ಯಾಗ ನಿಂತರ ಒಬ್ಬಾಕಿ ಏನ ಮಾಡ್ತೀರಿ? ಗುಜರಿಗೆ ಕೊಟ್ಟಬಿಡ್ರಿ” ಎಂದು ಹಟ ಹಿಡಿದ. ಅವನದು ತಪ್ಪೇನಲ್ಲ. ಕೊನೆಯದಾಗಿ ನಿಮ್ಮೂರ ಮೇಡ್ಲೇರಿ ರಸ್ತೆಯ ಮೆಕ್ಯಾನಿಕ್ ಮೌಲಾಸಾಬರಿಗೆ ತೋರಿಸೋಣ, ಅವರ ಕೈಲೂ ಆಗದಿದ್ದರೆ ನಿನ್ನಿಷ್ಟ ಎಂದು ಒಪ್ಪಿಕೊಂಡೆ.

ಮೌಲಾಸಾಬರು ಮೊದಲು ಕಾರ್ಬುರೇಟರ್ ಮೇಲಿನ ಗಾಳಿ ಸೋಸುವ ಡಬ್ಬಿಯನ್ನು ತೆಗೆದು ನೋಡಿದರು. ಒಳಗಿನ ಫಿಲ್ಟರ್ ಹೊಸದರಂತಿತ್ತು. “ಬ್ಯಾಡಗಿ ಧೂಳಿನ್ಯಾಗ ಇದು ಇಷ್ಟ ಸ್ವಚ್ಛ ಹೆಂಗ ಉಳೀತ್ರಿ ಅಕ್ಕೋರ?” ಎಂದು ಹುಬ್ಬೇರಿಸಿದರು. ಡಬ್ಬಿ ಇಲ್ಲದೆಯೇ ಎಂಜಿನ್ ಚಾಲೂ ಮಾಡಿ ರೇಸ್ ಕೊಟ್ಟರು. ಹೊಗೆ ಇಲ್ಲ, ಢಂ ಇಲ್ಲ. ಡಬ್ಬಿ ಕೂಡಿಸಿದರೆ ಮತ್ತೆ ಉಬ್ಬಸ.

“ಪೆಟ್ರೋಲ್ ಬರಾಕತ್ತೈತಿ, ಕಿಡಿನೂ ಬರಾಕತ್ತೈತಿ. ಗಾಳಿ ಇಲ್ರಿ. ಯಾರೋ ಮೂಗು ಹಿಡದಂಗ ಆಗೇತಿ.”

“ಗುಜರಿಯಾಂವಗ ಸಂಜೀಕ ಬಾ ಅಂದೇನಿ” ಎಂದ ಮೈದುನ.

ಮೌಲಾಸಾಬರು ಮೂಗು ಎಂದದ್ದು ನನ್ನನ್ನು ಎಲ್ಲೋ ಚುಚ್ಚಿತು. ಆ ಡಬ್ಬಿಗೆ ಗಾಳಿ ಎಳೆಯಲು ಕೆಳಮುಖವಾಗಿ ಒಂದು ಕೊಳವೆ ಇರುತ್ತದೆ, ಡಬ್ಬಿ ತೆಗೆದರೂ ಅದು ಕಾರಿನಲ್ಲೇ ಉಳಿಯುತ್ತದೆ. ಬಾನೆಟ್ಟಿನೊಳಗಿನ ಕತ್ತಲಲ್ಲಿ ಅದರ ಬಾಯಿಗೆ ಕೈ ಹಾಕಿದೆ. ಬೆರಳಿಗೆ ದಾರ ಸಿಕ್ಕಿತು, ಆಮೇಲೆ ಗಂಟು. ಮೆಣಸಿನಕಾಯಿ ಚೀಲದ ಬಾಯಿಗೆ ನಮ್ಮ ಮನೆಯವರು ಹಾಕುತ್ತಿದ್ದ ಗಂಟು. ಬಿಚ್ಚಿ ಎಳೆದರೆ ಕೈಗೆ ಬಂದದ್ದು ಅವರ ಕರವಸ್ತ್ರ. ಎಣ್ಣೆ, ಧೂಳು ಕೂಡಿ ಹಪ್ಪಳದಂತಾಗಿತ್ತು. ಊರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಕಾರು ಮಾತ್ರ ಯಾಕೆ ಖಾರ ಕುಡಿಯಬೇಕು ಎಂದು ಅದಕ್ಕೂ ಕಟ್ಟುತ್ತಿದ್ದರು ಪುಣ್ಯಾತ್ಮ! ದಿನಾ ಸಂಜೆ ಬಿಚ್ಚಿ, ಒಗೆದು, ಮತ್ತೆ ಕಟ್ಟಿ, ಯುಗಾದಿಗೆ ತೆಗೆದಿಡುವುದು ಅವರ ಪದ್ಧತಿಯಾಗಿದ್ದಿರಬೇಕು; ತಂತಿಯ ಮೇಲಿನ ಜೋಡಿ ಕರವಸ್ತ್ರದ ಗುಟ್ಟು ಆಗ ತಿಳಿಯಿತು. ಆ ವರ್ಷ ಯುಗಾದಿಗೆ ಬಿಚ್ಚುವವರಿರಲಿಲ್ಲ. ಒಂದು ಮಾತು ನನಗೆ ಹೇಳಬಾರದಿತ್ತೇ?

ಕೊಡವಿದಾಗ ಹಳೆಯ ಮೆಣಸಿನ ಧೂಳು ಎದ್ದು ಮುಖಕ್ಕೆ ರಾಚಿತು. ಸೀನಿದೆ, ಕಣ್ಣಲ್ಲಿ ನೀರು ಬಂತು. “ಖಾರ ಹತ್ತೇತ್ರಿ, ತಣ್ಣೀರು ಹಾಕ್ಕೋರಿ” ಎಂದು ಮೌಲಾಸಾಬರು ತಂಬಿಗೆ ತಂದರು. ಹಾಕಿಕೊಂಡೆ. ಕಣ್ಣೀರು ನಿಲ್ಲಲಿಲ್ಲ. ಆ ಗ್ಯಾರೇಜಿನ ಮುರುಕು ಸೀಟಿನ ಮೇಲೆ ಕುಳಿತು, ಕರವಸ್ತ್ರ ಮುಖಕ್ಕೊತ್ತಿಕೊಂಡು, ಸದ್ದು ಮಾಡಿ ಅತ್ತೆ. ಮೈದುನ ಅತ್ತ ಮುಖ ಮಾಡಿ ನಿಂತಿದ್ದ. “ಗುಜರಿಯಾಂವಗ ಬರಬ್ಯಾಡ ಅಂತ ಹೇಳ್ತೇನಿ, ವೈನಿ” ಎಂದ.

ಕಾರಿಗೆ ಈಗ ಬಹಳ ವಯಸ್ಸು. ನನಗೂ. ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ತಿರುಗಿ ಬರುವಷ್ಟಕ್ಕೇ ಇಬ್ಬರಿಗೂ ದಣಿವು. ಆದರೂ ಪ್ರತಿ ಸುಗ್ಗಿಗೆ ಅದರ ಮೂಗಿಗೆ ಬಟ್ಟೆ ಕಟ್ಟುತ್ತೇನೆ, ಆಗಾಗ ಒಗೆಯುತ್ತೇನೆ, ಯುಗಾದಿಗೆ ಬಿಚ್ಚುತ್ತೇನೆ. ಹೀಗೆ ಕಟ್ಟುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವರ ಜಿಪುಣತನ ನನಗೂ ಅಂಟಿತ್ತು. ಈ ಬೆಳಿಗ್ಗೆ ಕಟ್ಟಿ ಮುಗಿಸಿದವಳು ಯಾಕೋ ಅಲ್ಲೇ ನಿಂತೆ. ಆಮೇಲೆ ಪಕ್ಕದ ಮನೆಗೆ ಬಾಡಿಗೆಗೆ ಬಂದಿರುವ ಶಾಂತಾಳನ್ನು ಕೂಗಿದೆ.

“ಯುಗಾದಿಗೆ ಇದನ್ನ ಬಿಚ್ಚಬೇಕು ನೋಡವಾ, ನೆನಪಿಟ್ಕೊ.”

“ನೀವ ಬಿಚ್ತೀರಲ್ರಿ ಅಕ್ಕೋರ?”

“ಬಿಚ್ತೇನಿ. ಆದ್ರೂ ನಿನಗ ಗೊತ್ತಿರಲಿ.”

ಅವಳು ನನ್ನ ಮುಖ ನೋಡಿದಳು. ಸೆರಗು ಸಿಕ್ಕಿಸಿ ಬಾನೆಟ್ಟಿನೊಳಗೆ ಬಗ್ಗಿದಳು. ನಾನು ಅವಳ ಕೈ ಹಿಡಿದು ಕೊಳವೆಯ ಬಾಯಿಯವರೆಗೆ ಒಯ್ದೆ. ಬೆರಳುಗಳು ಕತ್ತಲಲ್ಲಿ ಸ್ವಲ್ಪ ತಡಕಾಡಿದವು.

“ಗಂಟು ಸಿಕ್ತ್ರಿ” ಎಂದಳು.