ವೈದ್ಯರ ಪಾಠಕ್ಕೆ ನಾಯಿ ಹೊಲಿಯುವ ಸುನಿಮ್

ಬೆಳಗಿನ ಐದೂವರೆ. ಬೂಸಾನಿನ ಸಾಸಾಂಗ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಬಾಂಗ್ ಸುನಿಮ್ ನಾಯಿಯೊಂದರ ಮುಂಗಾಲು ಹಿಡಿದು ಕೂತಿದ್ದಾರೆ. ಬಟ್ಟೆಯ ನಾಯಿ. ಹೊಟ್ಟೆಗೆ ಹತ್ತಿ, ಎದೆಗೂಡಿಗೆ ಹಳೆ ಕೊಡೆಗಳ ಕಡ್ಡಿ, ಚರ್ಮಕ್ಕೆ ಶೂ ತಯಾರಕರು ಬಿಸಾಡಿದ ತೆಳು ರಬ್ಬರು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಕಾಲು ಒತ್ತಿ, ಸೂಜಿ ಚುಚ್ಚುತ್ತಾರೆ. ಸಿರಿಂಜಿಗೆ ಕೆಂಪು ನೀರು ಬಂದರೆ ನಾಯಿ ಸಿದ್ಧ. ಬರುವುದಿಲ್ಲ. "ಸೋಮಾರಿ ಮುಂಡೇದೆ!" ಎಂದು ಬೈದು ಹೊಲಿಗೆ ಬಿಚ್ಚುತ್ತಾರೆ.

ನಾಯಿ-ಬೆಕ್ಕುಗಳ ವೈದ್ಯರು ಪದವಿ ಪಡೆದ ಮೇಲೂ ವರ್ಷಕ್ಕಿಷ್ಟು ಗಂಟೆ ಹೊಸದನ್ನು ಕಲಿಯಲೇಬೇಕು. ಇಲ್ಲಿನ ಭಾನುವಾರದ ತರಗತಿಗಳಲ್ಲಿ ಮೇಜಿನ ಮೇಲೆ ಮಲಗುವ ನಾಯಿಗಳೆಲ್ಲ ಸುನಿಮ್ ಕೈಯಿಂದ ಹುಟ್ಟಿದವು. ವಾರಕ್ಕೆ ಮೂರು ನಾಯಿ, ಒಂದು ಬೆಕ್ಕು. ನಾಯಿಯೊಂದಕ್ಕೆ ಇಪ್ಪತ್ತಾರು ಪಕ್ಕೆಲುಬು, ಸಾವಿರಕ್ಕೂ ಮೀರಿದ ಹೊಲಿಗೆ. ಭಾನುವಾರ ಸಂಜೆಯ ಹೊತ್ತಿಗೆ ಒಂದೊಂದು ಕಾಲಿಗೆ ಇನ್ನೂರು ಸಲ ಸೂಜಿ ಹೊಕ್ಕಿರುತ್ತದೆ. ಸೋಮವಾರ ಪೂರ್ತಿ ರಿಪೇರಿ.

ಅರವತ್ತಾರರ ಸುನಿಮ್ ಓದಿದ್ದು ಆರನೇ ತರಗತಿ. ಇಪ್ಪತ್ತೆಂಟು ವರ್ಷ ಶೂ ಕಾರ್ಖಾನೆಯಲ್ಲಿ ಹೊಲಿಗೆ. ಕಾರ್ಖಾನೆ ಗಂಟುಮೂಟೆ ಕಟ್ಟಿಕೊಂಡು ಹೊರದೇಶಕ್ಕೆ ಹೋದಾಗ ಅವರ ಕೈಬೆರಳ ಗಂಟುಗಳು ಊದಿಕೊಂಡಿದ್ದವು. ಗಂಡ ಅದಾಗಲೇ ತೀರಿಕೊಂಡಿದ್ದರು. ಹರಿದ ಬ್ಯಾಗು, ಕೆಟ್ಟ ಜಿಪ್ಪು ಸರಿಮಾಡುತ್ತ ದಿನ ತಳ್ಳುತ್ತಿದ್ದರು.

ನಾಲ್ಕು ವರ್ಷದ ಹಿಂದೆ, ವೈದ್ಯರ ತರಗತಿ ನಡೆಸುವ ಡಾ. ಪ್ಯೊ ಎಂಬಾಕೆ ಹರಿದ ಗೊಂಬೆನಾಯಿಯೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದರು.

"ಚಿಕ್ಕಮ್ಮ, ಈ ಕಾಲು ಹೊಲಿದು ಕೊಡ್ತೀರಾ? ಹೊರದೇಶದ್ದು. ಹೊಸದು ತರ್ಸೋಕೆ ಮೂರು ತಿಂಗಳು ಬೇಕು."

"ಮೊಮ್ಮಗೂದಾ?"

"ಅಲ್ಲ, ಡಾಕ್ಟ್ರುಗಳು ಇದ್ರ ಮೇಲೆ ಕಲೀತಾರೆ."

"ಈ ಮರದ ಕೊರಡಿನಂಥದ್ರ ಮೇಲಾ? ಪಾಪ, ನಾಯಿಗಳ ಗತಿ!"

"ಹಂಗಾದ್ರೆ ನೀವೇ ಮಾಡಿ ತೋರ್ಸಿ," ಎಂದರು ಪ್ಯೊ. ಸುನಿಮ್ ಮಾಡಿಯೇಬಿಟ್ಟರು.

ಮೊದಲ ನಾಯಿಯನ್ನು ಕಂಡು ತರಗತಿ ಬಿದ್ದು ಬಿದ್ದು ನಕ್ಕಿತು. "ಇದು ನಾಯಿನೋ ದಿಂಬೋ?" ಎಂದರು ಒಬ್ಬರು. ಇನ್ನೊಬ್ಬರು, "ಜೀವ ಇರೋ ನಾಯಿ ರಕ್ತದ ನರ ಸುಮ್ನೆ ಬಿದ್ದಿರಲ್ಲ ಚಿಕ್ಕಮ್ಮ, ಸೂಜಿ ತಾಗಿದ್ರೆ ಜಾರುತ್ತೆ," ಎಂದರು. ನಗು ಮರೆತುಹೋಯಿತು, ಈ ಮಾತು ಉಳಿಯಿತು. ಹತ್ತು ನಾಯಿ ಹಾಳಾದವು. ಒಂದು ಬಿರುಬೇಸಿಗೆ ಮಧ್ಯಾಹ್ನ, ತಣ್ಣನೆಯ ಸೋಯಾ ಹಾಲಿನಲ್ಲಿ ತೇಲಿಸಿದ ಕಡಲಪಾಚಿಯ ಜೆಲ್ಲಿ ತಿನ್ನುತ್ತಿದ್ದಾಗ ಚೂರೊಂದು ಊಟದ ಕಡ್ಡಿಗಳ ನಡುವಿನಿಂದ ನುಣುಚಿಕೊಂಡಿತು. ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದ ಸುನಿಮ್, ರಬ್ಬರಿನ ನಾಳವನ್ನು ಅದೇ ಜೆಲ್ಲಿಯೊಳಗೆ ಮಲಗಿಸಿ ಚರ್ಮ ಹೊಲಿದರು. ನರ ಜಾರಿತು. ಮುಂದಿನ ಭಾನುವಾರ ಯಾರೂ ನಗಲಿಲ್ಲ.

ಹೋದ ಶರತ್ಕಾಲದ ತರಗತಿಗೆ ಹಾಪ್ಚನ್ ಕಡೆಯ ಹಳ್ಳಿಯಿಂದ ಅರವತ್ತಮೂರರ ಡಾ. ಓಕ್ ಬಂದಿದ್ದರು. ಗಂಟೆ ತುಂಬಿಸಿದರೆ ಸಾಕೆಂದು ಹಿಂದಿನ ಸಾಲು ಹಿಡಿದಿದ್ದರು. ಅಪಘಾತವಾದ ನಾಯಿಯ ಎದೆಯೊಳಗೆ ಗಾಳಿ ಸೇರಿ ಶ್ವಾಸಕೋಶ ಅದುಮಿದಾಗ, ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಿ ಆ ಗಾಳಿ ತೆಗೆಯುವುದು ಅಂದಿನ ಪಾಠ. ಸೂಜಿ ಎಲುಬಿನ ಮುಂದಂಚಿಗೆ ಇಳಿಯಬೇಕು, ಹಿಂದಂಚಿನಲ್ಲಿ ರಕ್ತನಾಳವಿದೆ. ಸುನಿಮ್ ಅಲ್ಲೆಲ್ಲ ಕೆಂಪು ನೀರಿನ ನಾಳ ಹೊಲಿದಿದ್ದರು. ಓಕ್ ನಾಲ್ಕು ಸಲ ಚುಚ್ಚಿದರು. ನಾಲ್ಕು ಸಲವೂ ಕೆಂಪು.

"ಡಾಕ್ಟ್ರೇ, ನಾಲ್ಕು ನಾಯಿ ಹೋದ್ವು!" ಎಂದು ಪಕ್ಕದವರು ಕಿಚಾಯಿಸಿದರು.

ಓಕ್ ಸೂಜಿ ಕೆಳಗಿಟ್ಟರು. "ಈ ವಯಸ್ಸಲ್ಲಿ ನಂಗ್ಯಾಕೆ ಇದೆಲ್ಲ? ಅಂಥದ್ದು ಬಂದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಒಂದೂವರೆ ಗಂಟೆ ದಾರಿ ಅಷ್ಟೇ."

ರಿಪೇರಿಗೆಂದು ಪಕ್ಕದಲ್ಲೇ ನಿಂತಿದ್ದ ಸುನಿಮ್ ಕೇಳಿದರು: "ಕಳಿಸಿದ್ದು ಜೀವಂತ ತಲುಪುತ್ತಾ?"

"ಮೂರರಲ್ಲಿ ಒಂದು."

"ಹಂಗಾದ್ರೆ ಕೂತ್ಕೊಳ್ಳಿ. ನನ್ ನಾಯಿ ಎಷ್ಟು ಸಲ ಸತ್ರೂ ಹೊಲಿದು ಎಬ್ಬಿಸ್ತೀನಿ. ನಿಮ್ಮೂರಿನ ನಾಯೀನ ಯಾರು ಎಬ್ಬಿಸ್ತಾರೆ?"

ಓಕ್ ಕೂತರು. ಎಲ್ಲರೂ ಮನೆಗೆ ಹೋದ ಮೇಲೂ ಕೂತರು. ಸುನಿಮ್ ಹೊಲಿಯುತ್ತ ಹೋದರು, ಅವರು ಚುಚ್ಚುತ್ತ ಹೋದರು. ಸಂಜೆಗೆ ಒಂಬತ್ತು ಸಲ ಸತತವಾಗಿ, ಒಂದು ಹನಿ ಕೆಂಪಿಲ್ಲದೆ ಸೂಜಿ ಇಳಿಯಿತು.

ಹತ್ತೊಂಬತ್ತು ದಿನ ಕಳೆದಿತ್ತು. ಟ್ರ್ಯಾಕ್ಟರಿಗೆ ಸಿಕ್ಕಿದ ನಾಯಿಯನ್ನು ಅಜ್ಜಿಯೊಬ್ಬರು ಕಂಬಳಿಯಲ್ಲಿ ಸುತ್ತಿ ಹೊತ್ತು ಓಕ್ ಕ್ಲಿನಿಕ್ಕಿಗೆ ತಂದರು. ನಾಲಿಗೆ ನೀಲಿಗಟ್ಟಿತ್ತು. ಓಕ್ ಬೆರಳಿನಲ್ಲಿ ಎಲುಬು ಎಣಿಸಿದರು, ಮುಂದಂಚು ಹುಡುಕಿದರು, ಸೂಜಿ ಇಳಿಸಿದರು. ಸಿರಿಂಜಿಗೆ ಗಾಳಿ ಬಂತು, ಬರುತ್ತಲೇ ಇತ್ತು. ನಾಲಿಗೆ ನಿಧಾನಕ್ಕೆ ಗುಲಾಬಿಯಾಯಿತು.

ಅರ್ಧ ಗಂಟೆಯಲ್ಲಿ ಸುನಿಮ್ ಫೋನು ಹೊಡೆದುಕೊಂಡಿತು.

"ಅಕ್ಕಾ, ಉಸಿರಾಡ್ತಿದೆ!"

"ಯಾರು?"

"ನಾಯಿ ಅಕ್ಕಾ! ನಿಜವಾದ ನಾಯಿ!"

ಆ ದಿನ ಹೊಲಿಗೆ ಯಂತ್ರವನ್ನು ಮುಟ್ಟಲಾಗಲಿಲ್ಲ ಎನ್ನುತ್ತಾರೆ ಸುನಿಮ್. "ಇಪ್ಪತ್ತೆಂಟು ವರ್ಷ ಶೂ ಹೊಲಿದೆ. ಹಾಕ್ಕೊಂಡೋರು ಯಾರೂ ಫೋನ್ ಮಾಡಿ, ನಡೀತಿದೀನಿ ಅಂತ ಹೇಳಿರ್ಲಿಲ್ಲ."

ಈ ವಸಂತದಲ್ಲಿ ಮುನ್ನೂರು ವೈದ್ಯರು ಸೇರಿದ ಸಭೆಯಲ್ಲಿ ಎದೆಯ ಪಾಠ ಮಾಡಿದ್ದು ಸ್ವತಃ ಓಕ್. ಸುನಿಮ್‌ಗೆ ಕೊರಳಲ್ಲಿ ಹಾಕಿಕೊಳ್ಳಲು ಕೊಟ್ಟ ಹೆಸರಿನ ಚೀಟಿಯಲ್ಲಿ 'ಬೋಧಕಿ' ಎಂದಿತ್ತು. ಅಚ್ಚಿನ ತಪ್ಪೆಂದು ಅವರು ಅದನ್ನು ಹಿಂದಿರುಗಿಸಲು ಹೋದರು. "ತಪ್ಪೇನಿಲ್ಲ, ಸುಮ್ನೆ ಹಾಕ್ಕೊಳ್ಳಿ," ಎಂದು ಗದರಿದರು ಪ್ಯೊ. ವೇದಿಕೆಗೆ ಕರೆದಾಗ ಮುನ್ನೂರು ಜನವೂ ಎದ್ದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ದಿಂಬೆಂದು ನಕ್ಕಿದ್ದವರು ಮೊದಲ ಸಾಲಿನಲ್ಲೇ ಇದ್ದರು.

ಇನ್ನೇನು ಆಸೆಯಿದೆ ಎಂದು ಕೇಳಿದರೆ ಸುನಿಮ್ ಬಾರ್ಲಿ ಟೀ ಲೋಟ ಪಕ್ಕಕ್ಕಿಟ್ಟು, ಅರ್ಧ ಹೊಲಿದ ಎರಡು ಉದ್ದ ಕಿವಿಗಳನ್ನು ಎತ್ತಿ ತೋರಿಸುತ್ತಾರೆ.

"ಮೊಲ. ಕಿವಿ ನರ ನೂಲಿಗಿಂತ ಸಣ್ಣ, ಇನ್ನೂ ನಂಗೆ ಬಗ್ಗಿಲ್ಲ. ಈ ವರ್ಷ ಬಗ್ಗಿಸ್ತೀನಿ. ಆಮೇಲೆ ಬರ್ಲಿ ಆ ಡಾಕ್ಟ್ರುಗಳು, ಯಾರ್ ಕೈ ಎಷ್ಟು ನಡುಗುತ್ತೆ ನೋಡೋಣ."