ಮನೆಯ ಕುಡುಗೋಲು, ಪೆಟ್ಟಿಗೆಯ ಕತ್ತರಿ

ಸಿರುಗುಪ್ಪದ ಸೂಲಗಿತ್ತಿ ಹೊನ್ನೂರಮ್ಮ ನಸುಕಿನಲ್ಲೇ ರೊಟ್ಟಿ ಬಡಿಯುತ್ತಿದ್ದಾರೆ. ಹೆಂಚಿನ ಮೇಲೆ ಒಂದು ಬೇಯುತ್ತಿದೆ, ಅಂಗೈಯಡಿ ಇನ್ನೊಂದು ಅಗಲವಾಗುತ್ತಿದೆ. ಹೊರಗೆ ಬಂಡಿ ನಿಂತ ಸದ್ದಾಗುತ್ತದೆ. ಕೈ ಅಲ್ಲೇ ನಿಲ್ಲುತ್ತದೆ. ಈಚೆಗೆ ಯಾರು ಬಾಗಿಲಿಗೆ ಬಂದರೂ ಬಳ್ಳಾರಿಯ ಆರೋಗ್ಯದ ಕಚೇರಿಯ ಜವಾನನೇ ಬಂದನೇನೋ ಎಂದು ಮೊದಲು ಇಣುಕಿ ನೋಡುತ್ತಾರೆ.

ಬಂದವರು ಸಿರಿಗೇರಿಯ ದೊಡ್ಡಬಸಪ್ಪ. ತವರಿಗೆ ಬಂದಿರುವ ಅವರ ಮಗಳು ಪಕ್ಕೀರಮ್ಮನಿಗೆ ನೋವು ಶುರುವಾಗಿದೆ.

“ಯಕ್ಕಾ, ಲಗೂನ ಬಾ. ಬಂಡಿ ತಂದೀನಿ,” ಎನ್ನುತ್ತಾರೆ. ಗೂಡಿನಲ್ಲಿರುವ ತಗಡಿನ ಪೆಟ್ಟಿಗೆ ಕಣ್ಣಿಗೆ ಬಿದ್ದದ್ದೇ ದನಿ ತಗ್ಗುತ್ತದೆ. “ಅದನ್ನ ಮಾತ್ರ ತರಬ್ಯಾಡ.”

“ಪೆಟ್ಟಿಗಿ ಬ್ಯಾಡಂದ್ರ ನಾ ಯಾಕ ಬರ್ಲಿ? ಹರಟಿ ಹೊಡ್ಯಾಕೇನು?”

“ನಗಸಬ್ಯಾಡ ಯಕ್ಕಾ. ರಾರಾವಿ ಸುದ್ದಿ ನಮ್ಮೂರಿಗೂ ಬಂದೈತಿ. ಆ ಕತ್ರಿ ಒಳಗ ಬಂತಂದ್ರ ನಮ್ಮಾಕಿ ಬಾಗಿಲಿಗೆ ಅಡ್ಡ ಮಲಗ್ತಾಳ.”

ಒಲೆಯ ಮುಂದೆ ಕೂತ ಮೊಮ್ಮಗಳು ಜಡೆಮ್ಮ ಏನೋ ಕೇಳಲು ಬಾಯಿ ತೆರೆಯುತ್ತಾಳೆ. ಅಜ್ಜಿಯ ಮುಖ ನೋಡಿ ರೊಟ್ಟಿಯ ಚೂರು ಬಾಯಿಗಿಟ್ಟುಕೊಳ್ಳುತ್ತಾಳೆ. ಎಂಟು ವರ್ಷದ ಹುಡುಗಿ. ಸಾಲೆಯಲ್ಲಿ ಗೆಳತಿಯರು ಏನನ್ನುತ್ತಾರೋ, ಇವಳು ಹೇಳುವುದಿಲ್ಲ.

ಹೊನ್ನೂರಮ್ಮ ಈ ಕೆಲಸ ಕಲಿತದ್ದು ಅತ್ತೆಯಿಂದ. ಸ್ವರಾಜ್ಯ ಬಂದ ಮೇಲೆ ಆರೋಗ್ಯದ ಕಚೇರಿಯವರು ಕೆಲವು ಸೂಲಗಿತ್ತಿಯರನ್ನು ಆರಿಸಿ ಪಾಠ ಹೇಳಿದರು, ಪರವಾನಗಿ ಕೊಟ್ಟರು. ಜೊತೆಗೆ ಒಂದು ಪೆಟ್ಟಿಗೆ: ಅದರಲ್ಲಿ ಸಾಬೂನು, ನೂಲು, ಹತ್ತಿ, ಕತ್ತರಿ. ಹೊಕ್ಕುಳಬಳ್ಳಿಯನ್ನು ಕುದಿಸಿದ ಆ ಕತ್ತರಿಯಿಂದಲೇ ಕೊಯ್ಯಬೇಕು ಎಂಬುದು ನಿಯಮ. ತಪ್ಪಿದರೆ ಪರವಾನಗಿ ಹೋಗುತ್ತದೆ, ಆಮೇಲೆ ಹೆರಿಗೆಗೆ ಕೈ ಹಾಕುವಂತಿಲ್ಲ.

ಆದರೆ ಈ ಕಡೆಯ ಊರುಗಳಲ್ಲಿ ಬಾಣಂತಿಯ ಕೋಣೆಗೆ ಬೇರೆ ಮನೆಯ ಕಬ್ಬಿಣ ಬರಬಾರದು. ಕೂಸಿನ ಬಳ್ಳಿ ಕೊಯ್ಯುವುದು ಆ ಮನೆಯದೇ ಕುಡುಗೋಲು. ಮನೆ ಮನೆ ಸುತ್ತುವ ಕತ್ತರಿಯೆಂದರೆ ಹೆಂಗಸರಿಗೆ ದಿಗಿಲು. ಒಬ್ಬೊಬ್ಬರನ್ನೇ ಒಲಿಸಿ, ಗದರಿ, ನಗಿಸಿ ಹೊನ್ನೂರಮ್ಮ ಆ ಕತ್ತರಿಗೆ ದಾರಿ ಮಾಡಿದ್ದಾರೆ. “ಸೊಸಿ ಬ್ಯಾರೆ ಮನಿಯಿಂದ ಬರಬಹುದು, ಕತ್ರಿ ಬರಬಾರದೇನು ಅಂತ ಕೇಳತಿದ್ದೆ,” ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ರಾರಾವಿಯಲ್ಲಿ ಆದದ್ದು ಇಷ್ಟು. ಕತ್ತರಿ ಕುದಿಸಲು ಇಟ್ಟ ಎಸರು ಕಾಯುವ ಮೊದಲೇ ಕೂಸು ಬಂತು. ಮನೆಯ ಹಿರಿಯಳು ಅಕ್ಕನಾಗಮ್ಮ ಕುಡುಗೋಲು ಚಾಚಿ, “ಕೆಂಡದ ಮ್ಯಾಲೆ ಹಿಡದೀನಿ, ತಗೋ,” ಎಂದರು. ಬಾಣಂತಿಯ ಕೋಣೆಯಲ್ಲಿ ಮನೆಯ ಹಿರಿಯಳ ಮಾತನ್ನು ಸಂಶಯಿಸುವ ರೂಢಿಯಿಲ್ಲ. ಹೊನ್ನೂರಮ್ಮ ತೆಗೆದುಕೊಂಡರು, ಕೊಯ್ದರು. ಕತ್ತರಿ ಪೆಟ್ಟಿಗೆಯಲ್ಲೇ ಉಳಿಯಿತು. ವಾರ ಕಳೆಯುವುದರೊಳಗೆ ಕೂಸು ಮೊಲೆ ಹಿಡಿಯದಾಯಿತು, ದವಡೆ ಬಿಗಿಯಿತು. ಧನುರ್ವಾಯು. ಕೂಸು ಉಳಿಯಲಿಲ್ಲ.

ಕಚೇರಿಯಿಂದ ವಿಚಾರಣೆಗೆ ಬಂದವರ ಮುಂದೆ ಅಕ್ಕನಾಗಮ್ಮ, “ಆಕಿ ಕತ್ರಿಯಿಂದನ ಕೊಯ್ದ್ಲು,” ಎಂದು ಬರೆಸಿದ್ದಾರೆ. ಹೊನ್ನೂರಮ್ಮನಿಗೆ ಅವರ ಮೇಲೆ ಸಿಟ್ಟಿಲ್ಲ. “ಮೊಮ್ಮಗನ್ನ ನಾನ ಕೊಂದೆ ಅಂತ ಯಾವಾಕಿ ಬಾಯಿಬಿಟ್ಟು ಅಂತಾಳ? ಅನ್ನಾಕ ಆಗೂದಿಲ್ಲಬೇ.”

ನಾಳೆ ಬಳ್ಳಾರಿಯ ಕಚೇರಿಯಲ್ಲಿ ಹೊನ್ನೂರಮ್ಮ ಉತ್ತರ ಹೇಳಬೇಕು. ವಕೀಲ ವಾಸುದೇವರಾಯರು ದಾರಿ ತೋರಿಸಿದ್ದಾರೆ. “ಕತ್ತರಿಯಿಂದಲೇ ಕೊಯ್ದೆ ಅಂದುಬಿಡಮ್ಮ. ಆ ಮುದುಕಿ ಬರೆಸಿದ್ದೂ ಅದೇ. ನೀನು ನಿಯಮ ಮೀರಲಿಲ್ಲ ಅಂತಾಗುತ್ತೆ. ಕೂಸು ಹೋದದ್ದು ದೈವೇಚ್ಛೆ.” ಹೇಳಬೇಕಾದ್ದನ್ನು ಅವರು ಹೇಳಿಕೊಟ್ಟರು. ಆದದ್ದೇನೆಂದು ಕೇಳಲಿಲ್ಲ.

ಹಾಗೆ ಹೇಳಿದರೆ ಪರವಾನಗಿ ಉಳಿಯುತ್ತದೆ, ಅಕ್ಕನಾಗಮ್ಮನ ಮಾನವೂ ಉಳಿಯುತ್ತದೆ. ಆದರೆ ಕೂಸು ಸತ್ತದ್ದು ಕತ್ತರಿಯಿಂದ ಎಂಬ ಮಾತಿಗೆ ಸೂಲಗಿತ್ತಿಯೇ ಹೂಂಗುಟ್ಟಿದಂತಾಗುತ್ತದೆ. ಇವರ ಜೊತೆ ಪಾಠ ಕಲಿತ ಕುರುಗೋಡಿನ ಸೂಲಗಿತ್ತಿ ಉಚ್ಚೆಂಗೆಮ್ಮ ಸಂತೆಯವರ ಕೈಲಿ ಹೇಳಿಕಳಿಸಿದ್ದಾರೆ: ಅಲ್ಲಿಯೂ ಪೆಟ್ಟಿಗೆಯನ್ನು ಹೊಸ್ತಿಲ ಹೊರಗೇ ಇಡಿಸುತ್ತಿದ್ದಾರಂತೆ. ಮತ್ತೆ ಮನೆಮನೆಯಲ್ಲೂ ಕುಡುಗೋಲು. ಎಷ್ಟು ಕೂಸುಗಳೋ. ಅದನ್ನು ನೆನೆದರೆ ಹೊನ್ನೂರಮ್ಮನಿಗೆ ಅನ್ನ ಸೇರುವುದಿಲ್ಲ.

ಸಿರಿಗೇರಿಗೆ ಅವರು ಪೆಟ್ಟಿಗೆಯಿಲ್ಲದೆಯೇ ಹೋಗುತ್ತಾರೆ. ಬಂಡಿ ಇಳಿದವರೇ ಮನೆಯ ಕುಡುಗೋಲು ಕೇಳಿ, ಬೂದಿ ಹಾಕಿ ತಿಕ್ಕಿ, ಕುದಿಯುವ ನೀರಿನ ಗಡಿಗೆಗೆ ಇಳಿಸಿ, ಕಣ್ಣು ಕೀಳದೆ ಅಲ್ಲೇ ಕೂರುತ್ತಾರೆ.

“ಏನಬೇ, ಕುಡಗೋಲಿನ ಸಾರು ಮಾಡ್ತೀಯೇನು?” ಎಂದು ದೊಡ್ಡಬಸಪ್ಪನ ಹೆಂಡತಿ ಚುಚ್ಚುತ್ತಾರೆ.

“ಹೂಂ, ನೀ ಉಪ್ಪು ಹಾಕಬ್ಯಾಡ, ಅಷ್ಟ ಸಾಕು. ಕಬ್ಬಣ ನಿಮ್ದು, ಕುದಿಸೂದು ನಂದು.”

ಬಿಸಿಲೇರುವ ಹೊತ್ತಿಗೆ ಪಕ್ಕೀರಮ್ಮನಿಗೆ ಹೆಣ್ಣು ಕೂಸು. ಚಲೋ ಅಳುತ್ತದೆ. ಮನೆಯವರು ಮೊರ ತುಂಬ ಜೋಳ ಕೊಡುತ್ತಾರೆ. ಹೊನ್ನೂರಮ್ಮ ಬಳ್ಳಿಯ ತುದಿಯನ್ನೇ ಮತ್ತೆ ಮತ್ತೆ ನೋಡುತ್ತಾರೆ. ಕುದಿಸಿದ್ದಾದರೂ ಕೊಯ್ದದ್ದು ಕುಡುಗೋಲಿನಿಂದ, ನಿಯಮದ ಪ್ರಕಾರ ಇದೂ ತಪ್ಪೇ. ವಾರ ಕಳೆಯುವ ತನಕ ಈ ಕೂಸಿನ ದವಡೆಯದೇ ಚಿಂತೆ.

ಸಂಜೆ ಮನೆಗೆ ಬಂದು ಬಳ್ಳಾರಿಗೆ ಹೋಗುವ ನಾಳಿನ ಮೋಟಾರಿಗೆ ಸೀರೆ ಮಡಿಸಿಡುತ್ತಾರೆ. ಏನು ಆಸೆ ಎಂದು ಕೇಳಿದರೆ ಗೂಡಿನ ಪೆಟ್ಟಿಗೆಯತ್ತ ನೋಡುತ್ತಾರೆ. “ಆ ಕತ್ರಿ ಮನಿಯೊಳಗ ಹೋಗಬೇಕು. ನನ್ನ ಕೈಯಾಗ ಹೋಗದಿದ್ರೂ ಚಿಂತಿಲ್ಲ, ಯಾರ ಕೈಯಾಗರ ಹೋಗ್ಲಿ. ಆದ್ರ ಈ ಕೆಲಸ ಬಿಟ್ರ ನಾ ಏನು ಮಾಡ್ಲಿ, ಅದೂ ಗೊತ್ತಿಲ್ಲ.”

ಆಮೇಲೆ ಗೋಡೆಯ ಕಡೆ ಮುಖ ಮಾಡಿ, ವಕೀಲರು ಕಲಿಸಿದ್ದನ್ನು ಸಾಲೆಯ ಮಕ್ಕಳಂತೆ ಒಪ್ಪಿಸಿ ನೋಡುತ್ತಾರೆ. “ಕತ್ರಿಯಿಂದ ಕೊಯ್ದೆ ಸ್ವಾಮಿ. ನಿಯಮದಂಗನ ಕೊಯ್ದೆ.” ಮತ್ತೊಮ್ಮೆ ಮೊದಲಿನಿಂದ ಶುರುಮಾಡುತ್ತಾರೆ.

ಕಂದೀಲಿನ ಗಾಜು ಒರೆಸುತ್ತಿದ್ದ ಜಡೆಮ್ಮ ಅದನ್ನು ಮೆಲ್ಲಗೆ ನೆಲಕ್ಕಿಡುತ್ತಾಳೆ. ಎದ್ದು ಬಂದು ಅಜ್ಜಿಗೂ ಗೋಡೆಗೂ ನಡುವೆ ನಿಲ್ಲುತ್ತಾಳೆ.

“ಅಜ್ಜೀ, ರಾರಾವಿಯಾಗ ಖರೇನ ಯಾತರಿಂದ ಕೊಯ್ದಿ?”