ಅಪಿಸಾಲೋಮೆಯ ಗಾಳಿ ಹಲಗೆ

ಕಂದಾವು ದ್ವೀಪದ ನಾಸಾಲಿಯಾ ಊರಿನಲ್ಲಿ ರೇಡಿಯೊಗಳಿಗೆ ಬರವಿರಲಿಲ್ಲ, ಬೆಳಗ್ಗೆ ಐದೂವರೆಗೆ ಏಳುವ ಗಂಡಸರಿಗೆ ಬರವಿತ್ತು. ಹಾಗಾಗಿ ಕಡಲಿನ ಹವಾಮಾನ ವರದಿ ಕೇಳಿ, ದೋಣಿ ಇಳಿಸುವ ಕಡೆ ಜೀಗುಜ್ಜೆ ಮರಕ್ಕೆ ಒರಗಿಸಿದ್ದ ಕಪ್ಪು ಹಲಗೆಯ ಮೇಲೆ ಬರೆಯುವ ಕೆಲಸ ಇಪ್ಪತ್ತಾರು ವರ್ಷಗಳಿಂದ ಅಪಿಸಾಲೋಮೆಯದೇ ಆಗಿತ್ತು. ಸಂಬಳವಿಲ್ಲ, ಮರ್ಯಾದೆಯೂ ಅಷ್ಟಕ್ಕಷ್ಟೇ. ವರದಿ ನಿಜವಾದರೆ ರೇಡಿಯೊದವರು ಜಾಣರು. ಸುಳ್ಳಾದರೆ ಅಪಿಸಾಲೋಮೆ ಕಿವುಡ.

ಎಲ್ಲರಿಗಿಂತ ಹೆಚ್ಚು ಗೋಳು ಹೊಯ್ದುಕೊಳ್ಳುತ್ತಿದ್ದವನು ಇನೋಕೆ, ಅವನ ಸೋದರತ್ತೆಯ ಮಗ. ಆ ಸೀಮೆಯಲ್ಲಿ ಭಾವಂದಿರ ನಡುವೆ ಏನು ಅಂದರೂ ನಡೆಯುತ್ತದೆ. ಹೇಳಿದ ಸುಳ್ಳು ಸುಳ್ಳಲ್ಲ, ಆಡಿದ ಬೈಗುಳ ಬೈಗುಳವಲ್ಲ, ಸಿಟ್ಟು ಮಾಡಿಕೊಂಡವನೇ ಸೋತವನು. ಇಬ್ಬರಿಗೂ ಅರವತ್ತು ದಾಟಿತ್ತು. ಅಷ್ಟು ವರ್ಷದಲ್ಲಿ ಒಂದು ನೆಟ್ಟಗಿನ ಮಾತು ಅವರ ನಡುವೆ ನಡೆದದ್ದನ್ನು ಯಾರೂ ಕೇಳಿರಲಿಲ್ಲ.

ಹಿಂದಿನ ತಿಂಗಳಷ್ಟೇ ಅಪಿಸಾಲೋಮೆ ದೊಡ್ಡ ಕೈಚಳಕ ತೋರಿಸಿದ್ದ. ಇನೋಕೆ ಎಲ್ಲರಿಗಿಂತ ಮೊದಲು ದಡಕ್ಕೆ ಬರುವುದನ್ನು ನೋಡಿ, ಹಲಗೆಯ ಮೇಲೆ ಭಾರಿ ಗಾಳಿಯ ಎಚ್ಚರಿಕೆ ಬರೆದಿಟ್ಟ. ಪಾಪ, ಇನೋಕೆ ಬೆವರು ಸುರಿಸಿ ದೋಣಿಯನ್ನು ತೆಂಗಿನ ತೋಪಿನವರೆಗೆ ಎಳೆದು ಎರಡು ಮರಗಳಿಗೆ ಬಿಗಿದು ಮನೆಗೆ ಹೋದ. ಅವನ ಬೆನ್ನು ಮರೆಯಾದದ್ದೇ ತಡ, ಹಲಗೆ ಒರೆಸಿ ನಿಜ ಬರೆದಾಯಿತು: ತೆಳುಗಾಳಿ, ಶಾಂತ ಕಡಲು. ಆ ದಿನ ಊರಿಗೆ ಊರೇ ತೋಳುದ್ದದ ಅಂಜಲ್ ಮೀನು ಹಿಡಿದು ತಂದಿತು. ಇನೋಕೆ ಡಬ್ಬಿ ಮೀನು ತಿಂದ. ಭಾವನಾದ್ದರಿಂದ ನಗಲೇಬೇಕಾಗಿತ್ತು, ಹಲ್ಲು ಕಚ್ಚಿಕೊಂಡು ನಕ್ಕ.

ಈ ಬುಧವಾರ ರೇಡಿಯೊ ಹೇಳಿದ್ದು ತಮಾಷೆಯಾಗಿರಲಿಲ್ಲ. ಮಧ್ಯಾಹ್ನದಿಂದ ಆಗ್ನೇಯದ ಗಾಳಿಯ ವೇಗ ಮೂವತ್ತು ನಾಟ್, ಅಲೆ ಮೂರು ಮೀಟರ್, ಸಣ್ಣ ದೋಣಿಗಳು ಇಳಿಯಬಾರದು. ಅಪಿಸಾಲೋಮೆ ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದ. ಎಂಟು ಗಂಟೆಗೆ ಇನೋಕೆ ಬಂದ, ಭುಜದ ಮೇಲೆ ಪೆಟ್ರೋಲ್ ಕ್ಯಾನು. ಹೊಸ ನಲವತ್ತು ಕುದುರೆಬಲದ ಇಂಜಿನ್ನನ್ನು ಹೆಂಡತಿಯ ಅಣ್ಣಂದಿರಿಗೆ ತೋರಿಸಿ ಹೊಟ್ಟೆ ಉರಿಸಲೆಂದು ದೊಡ್ಡ ದ್ವೀಪಕ್ಕೆ ಒಬ್ಬನೇ ಹೊರಟಿದ್ದ. ಬಯಲು ಕಡಲಿನಲ್ಲಿ ನಾಲ್ಕು ತಾಸಿನ ದಾರಿ, ಕತ್ತಲಾಗುವ ಮೊದಲು ತಿರುಗಿ ಬರುವ ಲೆಕ್ಕ. ಹಲಗೆ ಓದಿ ನಕ್ಕ.

"ಭಾವ, ಹೋದ ತಿಂಗಳು ನೀನು ಬರೆದ ಗಾಳೀನೇ ಇನ್ನೂ ಬಂದಿಲ್ಲ. ಅದು ಮೊದಲು ಬಂದು ಹೋಗ್ಲಿ, ಆಮೇಲೆ ಇದರ ಕಥೆ ನೋಡೋಣ."

ಅಪಿಸಾಲೋಮೆ ಬೈಬಲ್ ಮೇಲೆ ಆಣೆ ಇಟ್ಟ. ಸತ್ತ ತಾಯಿಯ ಮೇಲೆ ಆಣೆ ಇಟ್ಟ. ದಡದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು; ಈ ಸಲ ಮುದುಕ ಕಣ್ಣಲ್ಲಿ ನೀರು ಸಮೇತ ನಾಟಕ ಆಡುತ್ತಿದ್ದಾನೆ ಎಂದರು. ಎಷ್ಟು ಬೇಡಿಕೊಂಡರೆ ಅಷ್ಟು ನಗು. ಇನೋಕೆ ದೋಣಿಯನ್ನು ನೀರಿಗೆ ತಳ್ಳಲು ಶುರು ಮಾಡಿದ.

ಆಗ ಅಪಿಸಾಲೋಮೆ ಮನೆಗೆ ಓಡಿದ. ಭಾನುವಾರ ಪ್ರಾರ್ಥನೆಗೆ ಉಡುವ ಸೂಲು ಪಂಚೆ ಉಟ್ಟು, ಪಾದ್ರಿಗೆಂದು ಹೆಂಡತಿ ತೆಗೆದಿಟ್ಟಿದ್ದ ಯಂಗೋನ ಎಂಬ ಅಮಲಿನ ಬೇರಿನ ಕಟ್ಟನ್ನು ಎತ್ತಿಕೊಂಡು ಬಂದ. ಒದ್ದೆ ಮರಳಿನ ಮೇಲೆ ದೋಣಿಯೆದುರು ಚಕ್ಕಳಮಕ್ಕಳ ಹಾಕಿ ಕೂತು, ತಲೆ ತಗ್ಗಿಸಿ, ಕಟ್ಟನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ಸಾವಿನ ಸುದ್ದಿ ತಂದವರು, ದೊಡ್ಡ ಬೇಡಿಕೆ ಇಟ್ಟವರು ಕೂರುವ ರೀತಿ ಅದು.

"ಇನೋಕೆಯವರೇ," ಎಂದ. "ತಾವು ದೊಡ್ಡ ಮನಸ್ಸು ಮಾಡಿ ಇದನ್ನು ಸ್ವೀಕರಿಸಬೇಕು."

ಇನೋಕೆಯ ಮುಖದ ರಕ್ತವೇ ಇಂಗಿಹೋಯಿತು. "ಯಾರು ತೀರಿಕೊಂಡ್ರು, ಭಾವ?"

"ಯಾರೂ ಇಲ್ಲ. ಇವತ್ತು ತಾವು ಕಡಲಿಗೆ ಇಳೀಬಾರದು ಅಂತ ಬೇಡಿಕೊಳ್ಳೋಕೆ ಬಂದಿದೀನಿ."

ನಗುತ್ತಿದ್ದವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಹಾಗೆ ಕೂತು ಕೊಟ್ಟ ಬೇರನ್ನು ಮುಟ್ಟಿದರೆ ಬೇಡಿಕೆ ಒಪ್ಪಿದ ಹಾಗೆ. ಮುಟ್ಟದೆ ಬಿಡುವಷ್ಟು ಗಟ್ಟಿ ಎದೆ ಇನೋಕೆಗಿರಲಿಲ್ಲ. ಮುಟ್ಟಿದ. ಬೇರು ಕುಟ್ಟಿ, ನೀರಲ್ಲಿ ಹಿಂಡಿ, ಮರದ ಬೋಗುಣಿಯ ಸುತ್ತ ಎಲ್ಲರೂ ಕುಡಿಯಲು ಕೂತರು.

ಹನ್ನೆರಡಾಯಿತು. ಕಡಲು ಎಣ್ಣೆ ಹೊಯ್ದ ಹಾಗೆ ಮಲಗಿತ್ತು. ಒಂದಾಯಿತು. ಒಂದು ತೆಂಗಿನ ಗರಿಯೂ ಅಲ್ಲಾಡಲಿಲ್ಲ. ಇನೋಕೆ ಒಮ್ಮೆ ಕಡಲನ್ನು, ಒಮ್ಮೆ ಭಾವನನ್ನು ನೋಡುತ್ತಿದ್ದ. ಇಪ್ಪತ್ತಾರು ವರ್ಷ ಗಾಳಿ ಬಾರದಿರಲಿ ಎಂದು ಪ್ರಾರ್ಥಿಸಿದ್ದ ಅಪಿಸಾಲೋಮೆ ಈಗ ಬರಲಪ್ಪಾ ಎಂದು ದೇವರ ಕಾಲು ಹಿಡಿದ. ಕುಳಿತಲ್ಲೇ ಬೆವತುಹೋದ.

ಎರಡೂವರೆಗೆ ದಡದಾಚೆಯ ಹವಳದ ದಿಬ್ಬದ ಕಂಡಿಯಲ್ಲಿ ಬೆಳ್ಳನೆ ನೊರೆ ಎದ್ದಿತು. ಮರುಗಳಿಗೆ ಗಾಳಿ ಊರೊಳಗೆ ನುಗ್ಗಿ, ಬೇರೆ ಯಾರ ಮನೆಯನ್ನೂ ಮುಟ್ಟದೆ ಅಪಿಸಾಲೋಮೆಯ ಅಡುಗೆಮನೆಯ ತಗಡನ್ನೇ ಕಿತ್ತು ಹಂದಿಗೂಡಿನ ಮೇಲೆ ಎಸೆಯಿತು. ಹಂದಿಗಳು ದಿಕ್ಕಾಪಾಲಾದವು. ಹೆಂಡತಿ ಸಲನಿಯೆತಾ ಕೂಗುತ್ತಾ ಬಂದರೆ, ಗಂಡ ಬೋಗುಣಿಯ ಪಕ್ಕ ನಿಂತು ಕುಣಿಯುತ್ತಿದ್ದ. ಮುದುಕನಿಗೆ ಯಂಗೋನ ತಲೆಗೇರಿದೆ ಎಂದು ಅವಳು ಹಣೆ ಚಚ್ಚಿಕೊಂಡಳು.

ಎಲ್ಲರೂ ತಗಡಿನ ಹಿಂದೆ ಓಡಿದರು. ಇನೋಕೆ ಮಾತ್ರ ಏಳಲಿಲ್ಲ. ಕಂಡಿಯಲ್ಲಿ ಏಳುತ್ತಿದ್ದ ಅಲೆಗಳನ್ನೇ ನೋಡುತ್ತಾ ಕೂತಿದ್ದ. ಅಪಿಸಾಲೋಮೆ ಬಂದು ಪಕ್ಕದಲ್ಲಿ ಕೂತ.

"ಭಾವ," ಎಂದ ಇನೋಕೆ. "ಇನ್ನೊಂದು ಸಲ ನನಗೆ 'ತಾವು' ಅಂದ್ರೆ ನಿನ್ನ ಹಲ್ಲು ಉದುರಿಸ್ತೀನಿ. ಈ ಗಾಳಿಗಲ್ಲ ಕಣೋ ನಾನು ಹೆದರಿದ್ದು."